ಎಡಗೈ ರಾಜಕುಮಾರ

ಗಿರಾಕಿಯ ಅಳತೆಯನ್ನು ಟೇಪು ಹಿಡಿಯದೆ ಹೇಳುವುದು ಬಟ್ಟೆ ವ್ಯಾಪಾರಿಯ ಕಸುಬು. ಸ್ಪಂದನಾ ಮೊದಲ ಸಲ ಕೋಬೆಯ ನನ್ನ ಅಂಗಡಿಗೆ, ಬಾಗಿಲಿಗೆ ತಾಗದಂತೆ ತಲೆ ಬಗ್ಗಿಸಿ ಬಂದಾಗ, ಈ ಹುಡುಗಿಗೆ ಜಪಾನಿನಲ್ಲಿ ಸಿದ್ಧ ಉಡುಪು ಸಿಗುವುದಿಲ್ಲ, ಆದ್ದರಿಂದ ಇವಳು ಒಳ್ಳೆಯ ಗಿರಾಕಿ ಎಂದುಕೊಂಡೆ. ಭೂಕಂಪವಾದ ವರ್ಷದ ಬೇಸಿಗೆ ಅದು. ಅವಳಪ್ಪ ಪ್ರದೀಪ ಮೈಸೂರಿನ ಸಾಫ್ಟ್‌ವೇರ್ ಮನುಷ್ಯ. ಟೋಕಿಯೋ ಪಕ್ಕದ ಇಚಿಕಾವಾದ ಫ್ಲಾಟಿನಲ್ಲಿ ಪಕ್ಕದ ಮನೆಯವರು ಬಾಗಿಲು ಹಾಕಿಕೊಂಡರೂ ಮೇಜಿನಡಿ ನುಗ್ಗುವ ಮಟ್ಟಕ್ಕೆ ಬಂದು, ಕಂಪನಿಯನ್ನು ಕಾಡಿ ಬೇಡಿ ಕೋಬೆಗೆ ವರ್ಗ ಮಾಡಿಸಿಕೊಂಡಿದ್ದ. ಈ ಊರೂ ಹಿಂದೊಮ್ಮೆ ಭೂಕಂಪಕ್ಕೆ ಕುಸಿದು ಎದ್ದದ್ದೇ ಎಂದು ನಾನು ಹೇಳಿದಾಗ ಅವನ ಮುಖ ನೋಡಬೇಕಿತ್ತು.

ಹುಡುಗಿಗೆ ಕೆಂಪು ವೆಲ್ವೆಟ್ ಬೇಕಿತ್ತು.

"ಯಾರ ಮದುವೆ?" ಎಂದೆ.

"ನಂದೇ ಅಂಕಲ್. ಕ್ಲೈಮ್ಯಾಕ್ಸಲ್ಲಿ. ನಾನೇ ಗಂಡು."

ತಾಯಿ ಅನಸೂಯಾ ಬಿಡಿಸಿ ಹೇಳಿದಳು: "ಸ್ಕೂಲಲ್ಲಿ ಡ್ರಾಮಾ ಕ್ಲಬ್ಬಂತೆ. ಬರೀ ಹುಡ್ಗೀರ ಸ್ಕೂಲು. ಎತ್ತರ ಇದಾಳೆ ಅಂತ ಇವಳನ್ನೇ ರಾಜಕುಮಾರ ಮಾಡಿದಾರೆ. ಇದೇ ಎತ್ತರಕ್ಕೆ ಮುಂದೆ ಗಂಡು ಹೆಂಗೆ ಹುಡುಕೋದು ಅಂತ ನಾನು ಕೂತಿದ್ರೆ, ಇವಳೇ ಗಂಡಾಗಿ ಬಂದು ನಿಂತ್ಲು."

"ಬಣ್ಣದ ಬಗ್ಗೆ ಯಾರೂ ಏನೂ ಅನ್ನಲಿಲ್ವಾ?" ಎಂದೆ. ವ್ಯಾಪಾರಿ ಬಣ್ಣ ಕೇಳದೆ ಇರಲಾರ.

"ಸ್ಟೇಜ್ ಮೇಲೆ ಲೈಟ್ ಬಿದ್ರೆ ಎಲ್ರೂ ಒಂದೇ ಕಲರ್, ಅಂಕಲ್," ಎಂದಳು ಸ್ಪಂದನಾ.

ಬಟ್ಟೆಯ ಗಂಟು ಹೊರಲು ಜೊತೆಗೆ ಬಂದಿದ್ದವಳು ಚಿಹಾರು, ಕ್ಲಬ್ಬಿನ ಸಾಮಾನು ನೋಡಿಕೊಳ್ಳುವ ಹುಡುಗಿ. ಕೆಮ್ಮುವ ಮೊದಲೂ ಸುಮಿಮಾಸೆನ್, ಕ್ಷಮಿಸಿ, ಎನ್ನುವವಳು. ಅಭ್ಯಾಸದ ಕೋಣೆಯಲ್ಲಿ ಒಂದಿಡೀ ಗೋಡೆ ಕನ್ನಡಿ. ಎಲ್ಲರೂ ಅದರೆದುರು ಕುಣಿದು ಕೂಗಾಡುವಾಗ ಅವಳು ಹಿಂದೆ ಕೂತು, ಕನ್ನಡಿಯಲ್ಲಿ ಕಂಡದ್ದನ್ನು ಚಿತ್ರ ಬರೆಯುತ್ತಿದ್ದಳಂತೆ.

ನಾಟಕಕ್ಕೆ ನಾನೂ ಹೋದೆ. ರಂಗಕ್ಕೆ ಕಾಲಿಡುವ ಮೊದಲು ಸ್ಪಂದನಾ ಬಗ್ಗಿ, ಬಲಗೈಯಿಂದ ಹಲಗೆ ಮುಟ್ಟಿ, ಎರಡೂ ಕಣ್ಣಿಗೆ ಒತ್ತಿಕೊಂಡಳು. ಭರತನಾಟ್ಯದ ಕ್ಲಾಸಿನಲ್ಲಿ ಅವಳಿಗೆ ಬಂದ ಏಕೈಕ ವಿದ್ಯೆ ಅದು. ಜಪಾನಿ ಹುಡುಗಿಯರಿಗೆ ಅದೇನೆಂದು ತಿಳಿಯದಿದ್ದರೂ ಕಿರುಚಾಟ ಮುಗಿಲು ಮುಟ್ಟಿತು. ಫೆಬ್ರವರಿಯ ವ್ಯಾಲೆಂಟೈನ್ ದಿನ ಕಿರಿಯ ಹುಡುಗಿಯರು ರಾಜಕುಮಾರನಿಗೆ ಕೊಟ್ಟ ಚಾಕೊಲೇಟನ್ನು ತಿಂದು ಮುಗಿಸಲಾಗದೆ ನನ್ನ ಅಂಗಡಿಗೂ ಒಂದು ಚೀಲ ಬಂತು. ಆ ಹುಡುಗಿ ಅಷ್ಟು ಸಂತೋಷವಾಗಿದ್ದದ್ದು ಅದೇ ಕೊನೆ.

ಓದು ಮುಗಿದ ಮೇಲೆ ಒಸಾಕಾದ ಆಫೀಸೊಂದರಲ್ಲಿ ಫೋನು ಎತ್ತುವ ಕೆಲಸ ಹಿಡಿದು, ರಜೆಯ ದಿನ ನಾಟಕದ ಕಂಪನಿಗಳ ಬಾಗಿಲು ತಟ್ಟಿದಳು. ಸಿಕ್ಕ ಪಾತ್ರಗಳೆಂದರೆ ಹೋಟೆಲಿನ ಪ್ರವಾಸಿ, ಕಳೆದುಹೋದ ಪ್ರವಾಸಿ, ದಾರಿ ಕೇಳುವ ಪ್ರವಾಸಿ. ಅಲ್ಲೇ ಬೆಳೆದವಳು ಅಲ್ಲಿನ ದಾರಿ ಕೇಳಿ ಕೇಳಿ ಸುಸ್ತಾದಳು.

ಒಂದು ಸಂಜೆ ಮಾಂಗಾ ಚಿತ್ರಕಥೆಯ ಪುಸ್ತಕ ಹಿಡಿದು ಅಂಗಡಿಗೆ ಓಡಿಬಂದಳು. "ಅಂಕಲ್, ನೋಡಿ, ಚಿಹಾರು ಬರ್ದಿರೋದು. ಹುಡ್ಗೀರ ಸ್ಕೂಲು, ಡ್ರಾಮಾ ಕ್ಲಬ್ಬು. ಈ ರೆನ್ ಅನ್ನೋ ರಾಜಕುಮಾರ ಇದಾನಲ್ಲ, ಇದು ನಾನೇ!"

ನೋಡಿದೆ. ಅದೇ ಎತ್ತರ, ನನ್ನದೇ ಕೆಂಪು ಮೇಲಂಗಿ, ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳುವ ಅದೇ ಭಂಗಿ. ರೆನ್ ಮಾತ್ರ ಕ್ಯೋತೋದ ಹಳೆಯ ಮನೆತನದ, ಹಾಲಿನಂಥ ಬಿಳುಪಿನ ಹುಡುಗಿ. ಭಾರತದವಳೂ ಒಬ್ಬಳಿದ್ದಳು: ಗಿಡ್ಡಿ, ಕೈಯಲ್ಲಿ ಸ್ಟೀಲ್ ಡಬ್ಬಿ, ಪ್ರತಿ ಅಧ್ಯಾಯದಲ್ಲೂ ಎಡವಿ ಸಾರು ಚೆಲ್ಲಿ ನಗಿಸುವುದು ಅವಳ ಕೆಲಸ.

"ಈ ಡಬ್ಬಿಯವಳು ಯಾರು?"

"ಅದು ಯಾರೋ," ಎಂದು ಸ್ಪಂದನಾ ಪುಟ ಮಗುಚಿದಳು. "ಇದನ್ನ ನಾಟಕ ಮಾಡ್ತಾರಂತೆ. ಆಡಿಷನ್ ಇದೆ. ಈ ಸಲ ನೀನು ಸೂಟ್ ಆಗಲ್ಲ ಅಂತ ಹೆಂಗಂತಾರೆ? ನಾನು ನಾನಾಗಕ್ಕೆ ಸೂಟ್ ಆಗಲ್ವಾ?"

ಅಂಥ ಕಂಪನಿ ವೇಷಕ್ಕೆ ಬಟ್ಟೆ ಕೊಳ್ಳದೆ ಇರುತ್ತದೆಯೇ? ವೆಲ್ವೆಟ್ಟಿನ ಮಾದರಿ ಹಿಡಿದು ನಾನೂ ಆಡಿಷನ್ನಿನ ದಿನ ಒಸಾಕಾದ ರಂಗಮಂದಿರಕ್ಕೆ ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಮಾಂಗಾದ ನಾಟಕವೆಂದರೆ ಅಲ್ಲೊಂದು ಕಟ್ಟುಪಾಡು: ಮೂಲದ ಚಿತ್ರದಂತೆ ಕೂದಲು, ಚಿತ್ರದಂತೆ ನಡಿಗೆ. ಎಳ್ಳಷ್ಟು ಹೆಚ್ಚುಕಮ್ಮಿಯಾದರೂ ಓದುಗರು ಕ್ಷಮಿಸುವುದಿಲ್ಲ. ಎತ್ತರದ ಹುಡುಗಿಯರು ಒಬ್ಬೊಬ್ಬರಾಗಿ ಬಂದು ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡರು. ಯಾರೊಬ್ಬರೂ ಕಣ್ಣಿನವರೆಗೆ ಭಕ್ತಿಯನ್ನು ತರಲಿಲ್ಲ.

ಸ್ಪಂದನಾ ತಂದಳು.

ಮಧ್ಯದಲ್ಲಿ ಕೂತಿದ್ದ ನಿರ್ದೇಶಕ ಮೃದುವಾಗಿ ನಕ್ಕ. "ತುಂಬಾ ಅಭ್ಯಾಸ ಮಾಡಿದ್ದೀರಿ. ಆದರೆ ಸ್ಪಂದನಾ-ಸಾನ್, ರೆನ್ ಎಡಗೈಯಲ್ಲಿ ಮುಟ್ಟುತ್ತಾಳೆ. ಮೂಲ ಕೃತಿ ಓದಿದ್ದೀರಿ ತಾನೇ?"

ಅವನ ಪಕ್ಕದಲ್ಲೇ ಚಿಹಾರು ಇದ್ದಳು. ಸ್ಪಂದನಾ ಅವಳತ್ತ ನೋಡಿದಳು. "ಚಿಹಾರು-ಸಾನ್, ನಿಮಗೆ ಗೊತ್ತಲ್ಲ, ಅದು ಬಲಗೈ. ನೀವು ಕನ್ನಡಿ ನೋಡಿ ಬರೆದಿರಿ."

ಚಿಹಾರು ತಲೆ ಬಗ್ಗಿಸಿ, "ಸುಮಿಮಾಸೆನ್," ಎಂದಳು, "ಓದುಗರಿಗೆ ಈಗ ಎಡಗೈಯೇ ರೂಢಿಯಾಗಿಬಿಟ್ಟಿದೆ."

"ಇನ್ನೊಮ್ಮೆ ಮಾಡೋಣವೇ? ಎಡಗೈಯಲ್ಲಿ," ಎಂದ ನಿರ್ದೇಶಕ.

ಎಡಗೈಯಲ್ಲಿ ನಮಸ್ಕಾರ! ಪ್ರಸಾದಕ್ಕೆ ಎಡಗೈ ಚಾಚಿದರೆ ಏಟು ತಿಂದು ಬೆಳೆದ ಹುಡುಗಿ. ಬಗ್ಗಿದಳು. ಬಲಗೈ ತಾನಾಗಿ ಮುಂದೆ ಹೋಯಿತು. ಅದನ್ನು ಬೆನ್ನ ಹಿಂದೆ ಬಿಗಿಯಾಗಿ ಇಟ್ಟುಕೊಂಡು, ಎಡಗೈಯಿಂದ ಹಲಗೆ ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

"ಅದ್ಭುತ," ಎಂದರು ಎಲ್ಲರೂ. ಪಾತ್ರವನ್ನು ಬೇರೊಬ್ಬಳಿಗೆ ಕೊಟ್ಟರು.

ಸ್ಪಂದನಾಳಿಗೂ ಕೆಲಸ ಸಿಕ್ಕಿತು ಅನ್ನಿ. ದೀಪ ಹೊಂದಿಸುವಾಗ ರೆನ್ ಆಗುವ ನಾಯಕಿಯ ಜಾಗದಲ್ಲಿ ಅದೇ ಎತ್ತರದ ಯಾರಾದರೂ ನಿಲ್ಲಬೇಕಲ್ಲ. ಮೇಲಂಗಿ ಒಪ್ಪಿಸಲು ಹೋದ ದಿನ ನೋಡಿದೆ: ಗುರುತು ಹಾಕಿದ ಕಡೆಯೆಲ್ಲ ಹೋಗಿ ನಿಲ್ಲುತ್ತಿದ್ದಳು, ಒಂದೊಂದು ಸಲವೂ ಎಡಗೈ ನೆಲಕ್ಕೆ, ಎಡಗೈ ಕಣ್ಣಿಗೆ. ದೀಪದವನು ಮೇಲಿನಿಂದ ಗೊಣಗಿದ. ಈ ಮುಖಕ್ಕೆ ಬೆಳಕು ಹೊಂದಿಸಿದರೆ ನಾಯಕಿಯ ಮುಖ ಬೆಳ್ಳಗೆ ಸುಟ್ಟುಹೋಗುತ್ತದಂತೆ. ಸಹಾಯಕಿಯೊಬ್ಬಳು ವಿನಯದಿಂದ ನನ್ನ ಬಳಿ ಬಂದು, ಬಿಳಿ ಬಟ್ಟೆಯ ತುಂಡೇನಾದರೂ ಇದೆಯೇ ಎಂದು ಕೇಳಿದಳು.

ವ್ಯಾಪಾರಿಯ ಬಳಿ ಬಟ್ಟೆ ಇಲ್ಲವೆನ್ನಲಾದೀತೇ? ಒಳ್ಳೆಯ ಹತ್ತಿಯದನ್ನೇ ಕೊಟ್ಟೆ. ಅದನ್ನು ಮುಖದ ಮೇಲೆ ಇಳಿಬಿಟ್ಟುಕೊಂಡು ಅವಳು ಸಂಜೆಯವರೆಗೆ ನಿಂತಳು. ಮೂಗು ಉಸಿರಾಡುವ ಕಡೆ ಬಟ್ಟೆ ಸ್ವಲ್ಪ ಆಡುತ್ತಿತ್ತು, ಅಷ್ಟೆ. ಹೊರಡುವಾಗ ಮಡಿಸಿ ತಂದುಕೊಟ್ಟು, "ಅರಿಗಾತೋ, ಅಂಕಲ್," ಎಂದಳು.

ನಾಟಕ ತಿಂಗಳುಗಟ್ಟಲೆ ತುಂಬಿ ಓಡಿತು.

ಮರುವರ್ಷದ ಯುಗಾದಿಗೆ ಕೋಬೆಯಲ್ಲಿ ಕನ್ನಡದವರೆಲ್ಲ ಸಣ್ಣ ಸಭಾಂಗಣವೊಂದನ್ನು ಬಾಡಿಗೆಗೆ ಹಿಡಿದಿದ್ದರು. ದೂರದ ಹಮಾಮತ್ಸು ಊರಿನಿಂದಲೂ ನಾಲ್ಕು ಸಂಸಾರ ಬಂದಿದ್ದವು. ಮನೆಯಲ್ಲೇ ಕೂತುಬಿಟ್ಟಿದ್ದ ಮಗಳು ಹೊರಬರಲೆಂದು ಅನಸೂಯಾ ಅವಳನ್ನೇ ಪ್ರಾರ್ಥನೆ ಹಾಡಲು ಒಪ್ಪಿಸಿದ್ದಳು. ಸೀರೆಯುಟ್ಟು ಸ್ಪಂದನಾ ಮೆಟ್ಟಿಲ ಬಳಿ ಬಂದು ಬಗ್ಗಿದಳು. ಎಡಗೈ ಹಲಗೆ ಮುಟ್ಟಿ ಕಣ್ಣಿಗೆ ಹೋಯಿತು.

"ರೆನ್! ರೆನ್!" ಎಂದು ಮುಂದಿನ ಸಾಲಿನ ಮಕ್ಕಳು ಕಿರುಚಿ ಎದ್ದರು. ಹೋಳಿಗೆಗೂ ಏಳದಿದ್ದ ಮಕ್ಕಳು ಓಡಿಬಂದು ಸಾಲಾಗಿ ವೇದಿಕೆ ಮುಟ್ಟಿ ಕಣ್ಣಿಗೊತ್ತಿಕೊಳ್ಳತೊಡಗಿದವು, ಎಲ್ಲವೂ ಎಡಗೈಯಲ್ಲಿ.

ಅನಸೂಯಾ ಧಾವಿಸಿ ಮೊದಲ ಮಗುವಿನ ಕೈ ಹಿಡಿದಳು. "ಅಯ್ಯೋ ಪುಟ್ಟಾ, ಎಡಗೈ ಅಲ್ಲ. ಈ ಕೈ, ಈ ಕೈ."

"ನೋ ಆಂಟಿ," ಎಂದು ಮಗು ಕೈ ಬಿಡಿಸಿಕೊಂಡಿತು, "ದಟ್ಸ್ ರಾಂಗ್."

ಮೇಲಿನಿಂದ ಸ್ಪಂದನಾ ತಾಯಿಗೆ ಹೇಳಿದಳು: "ಬಿಡಮ್ಮ. ಅವ್ರು ಕರೆಕ್ಟಾಗೇ ಮಾಡ್ತಿದಾರೆ."