ಒಂದು ಗಂಟೆಯ ದಾರಿ

ನಮ್ಮ ಟಿಕೆಟ್ ಅಂಗಡಿಯಲ್ಲಿ ಎರಡೇ ಮೇಜು. ಒಂದರಲ್ಲಿ ನಾನು ಬಸ್ಸಿನ ಟಿಕೆಟ್ ಮಾಡಿಕೊಡುತ್ತೇನೆ, ಇನ್ನೊಂದರಲ್ಲಿ ಅಕ್ಕ ವಿಮಾನದ್ದು. ಅಕ್ಕ ಎಂದರೆ ಒಡಹುಟ್ಟಿದವಳಲ್ಲ. ಬೀದಿಗೆಲ್ಲ ಅವಳು ಅಕ್ಕನೇ. ಬಸ್ಸಿಗೆಂದು ಬಂದ ಗಿರಾಕಿಯನ್ನು ನನ್ನ ಕಣ್ಣೆದುರೇ ಎಳೆದುಕೊಳ್ಳುವ ಗಟ್ಟಿಗಿತ್ತಿ. "ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಯಾಕೆ ಸೊಂಟ ಮುರ್ಕೋತೀರಾ ಸರ್? ವಿಮಾನದಲ್ಲಿ ಒಂದೇ ಗಂಟೆ. ಕಣ್ಣು ಮುಚ್ಚಿ ತೆಗೆಯೋದ್ರೊಳಗೆ ಅಲ್ಲಿರ್ತೀರಾ!"

ಆ ಒಂದು ಗಂಟೆ ಎಂದರೆ ವಿಮಾನ ಗಾಳಿಯಲ್ಲಿರುವ ಹೊತ್ತು ಮಾತ್ರ. ಇಲ್ಲಿಂದ ನಿಲ್ದಾಣ ಮುಟ್ಟುವುದು, ತಪಾಸಣೆಯ ಸಾಲು, ಇಳಿದ ಮೇಲೆ ಊರು ಸೇರುವುದು, ಇದನ್ನೆಲ್ಲ ನಮ್ಮ ಕಸುಬಿನವರು ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಯಾರು ಕೊಳ್ಳುತ್ತಾರೆ?

ಹಾಗೆ ಒಂದು ಗಂಟೆಯೆಂದು ಅವಳು ಟಿಕೆಟ್ ಮಾರುತ್ತಿದ್ದ ಊರಿನಲ್ಲೇ ಅಕ್ಕನ ತಾಯಿ, ಅವಳ ತಮ್ಮನ ಮನೆಯಲ್ಲಿದ್ದರು. ಯಾವಾಗ ಬರ್ತೀಯೆ ಎಂದು ಅವರು ಕೇಳಿದಾಗಲೆಲ್ಲ ಇವಳದು ಒಂದೇ ಉತ್ತರ: "ಒಂದು ಗಂಟೆ ದಾರಿ ಕಣಮ್ಮ. ನೀನು ಕರೆದೆ, ನಾನು ಬಂದೆ ಅನ್ಕೋ." ಅವರು ಕರೆದದ್ದು ಎಷ್ಟೋ ಸಲ, ಇವಳು ಹೋದದ್ದು ಅಪರೂಪ. ಊರಿಗೆಲ್ಲ ಹೇಳಿ ಹೇಳಿ ಕೊನೆಗೆ ತಾನೂ ನಂಬಿಬಿಟ್ಟಿದ್ದಳು.

ಒಂದು ಬೆಳಿಗ್ಗೆ ತಮ್ಮ ಫೋನ್ ಮಾಡಿದ. ತಾಯಿಯ ಕರುಳು ತೂತಾಗಿದೆ, ಕೂಡಲೇ ಆಪರೇಷನ್ ಆಗಬೇಕು. ಅಕ್ಕ ಕೆಲಸ ಬಿಟ್ಟು ಎದ್ದಳು, ಬಾಯಿ ಮಾತ್ರ ಅಭ್ಯಾಸ ಬಿಡಲಿಲ್ಲ. "ಹೊರಟೆ ಅಂತ ಅಮ್ಮಂಗೆ ಹೇಳೋ. ಒಂದೇ ಗಂಟೆ."

ಅವನು ಹಾಗೆಯೇ ಹೇಳಿದ. ತಾಯಿ ಹಟ ಹಿಡಿದರು. "ಒಂದು ಗಂಟೆ ತಾನೆ? ಅವಳ ಮುಖ ನೋಡ್ಕೊಂಡೇ ಒಳಗೆ ಹೋಗ್ತೀನಿ." ಡಾಕ್ಟರು ಬೈದರು, ಮಗ ಕಾಲು ಹಿಡಿದ. ಮುದುಕಿ ಜಗ್ಗಲಿಲ್ಲ.

ಅಕ್ಕ ಆಗಿನ್ನೂ ಇಲ್ಲೇ ಟ್ಯಾಕ್ಸಿಯಲ್ಲಿ, ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡಿದ್ದಳು. ಆಮೇಲೆ ತಪಾಸಣೆ. ಆಮೇಲೆ ವಿಮಾನವೂ ಸರದಿಗೆ ಕಾದು ನಿಂತಿತು, ಫೋನ್ ಆರಿಸಿ ಎಂದರು. ಹಾರಿದ್ದು ಒಂದೇ ಗಂಟೆ, ಅದರಲ್ಲಿ ಸುಳ್ಳಿಲ್ಲ. ಆಸ್ಪತ್ರೆ ಮುಟ್ಟುವಾಗ ಬಿಸಿಲು ಇಳಿದಿತ್ತು. ತಾಯಿಗೆ ಪ್ರಜ್ಞೆ ತಪ್ಪಿದ ಮೇಲೆ ತಮ್ಮನೇ ಸಹಿ ಹಾಕಿ ಒಳಗೆ ಕಳಿಸಿದ್ದ. ಅಷ್ಟರಲ್ಲಿ ಕರುಳಿನ ನಂಜು ಮೈಗೆಲ್ಲ ಏರಿತ್ತು, ಆಪರೇಷನ್ ನಡುವೆಯೇ ಜೀವ ಹೋಗಿತ್ತು.

"ಅಮ್ಮ ಬಾಗಿಲು ನೋಡ್ತಾನೇ ಇದ್ಲು ಕಣಕ್ಕ" ಎಂದನಂತೆ ತಮ್ಮ. ಅವನು ಬೈದಿದ್ದರೇ ವಾಸಿಯಿತ್ತು ಎಂದು ಅಕ್ಕ ವಾಪಸ್ ಬಂದ ಮೇಲೆ ನನ್ನ ಮುಂದೆ ಅತ್ತಳು. ನನಗೆ ಅವಳ ಮೇಲೆ ಸಿಟ್ಟೂ ಬಂತು, ಕನಿಕರವೂ ಬಂತು. ಒಂದು ಲೋಟ ನೀರು ಕೊಟ್ಟೆ.

ಮೊನ್ನೆ ಒಬ್ಬ ಗಿರಾಕಿ ಅದೇ ಊರಿಗೆ ಟಿಕೆಟ್ ಕೇಳಿದ. "ಎಷ್ಟು ಹೊತ್ತಾಗುತ್ತೆ ಮೇಡಂ?"

ಅಕ್ಕ ಪರದೆಯಿಂದ ಮುಖ ಎತ್ತಿದಳು. "ಅಲ್ಲಿ ಯಾರಾದ್ರೂ ಕಾಯ್ತಿದ್ದಾರಾ?"

"ಹೂಂ, ನಮ್ಮಪ್ಪ."

"ಹಾಗಾದ್ರೆ ಅವರಿಗೆ ಸಂಜೆಯಾಗುತ್ತೆ ಅಂತ ಹೇಳಿ. ಒಂದು ಗಂಟೆ ಅಂತ ಮಾತ್ರ ಹೇಳ್ಬೇಡಿ."

"ಅಷ್ಟು ಹೊತ್ತಾಗೋದಾದ್ರೆ ಬಸ್ಸೇ ಸಾಕು" ಎಂದು ಅವನು ನನ್ನ ಮೇಜಿಗೆ ಬಂದು ಬಸ್ಸಿನ ಟಿಕೆಟ್ ಕೊಂಡ.