ದೊಡ್ಡಪ್ಪ ಮಾರಿದ ಟೀವಿ

ದೊಡ್ಡಪ್ಪನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. ಇಳಿಯಲಿ ಎಂಬ ಆಸೆಯೂ ಇಲ್ಲ. ತೀರಿಕೊಂಡವರನ್ನು ಬಯ್ಯಬೇಡ ಎಂದು ಮನೆಯವರು ಗದರಿಸುತ್ತಾರೆ. ಬದುಕಿದ್ದಾಗ ಬಯ್ಯಲು ಯಾರೂ ಬಿಡಲಿಲ್ಲ. ಮತ್ತೆ ಯಾವಾಗ ಬಯ್ಯಬೇಕು?

ಆಗ ನಾವು ಹಾವೇರಿಯಲ್ಲಿದ್ದೆವು. ನಾನು ಕಾಲೇಜಿಗೆ ಹೋಗುತ್ತಿದ್ದೆ. ನಮ್ಮ ಓಣಿಗೆಲ್ಲ ಇದ್ದದ್ದು ಒಂದೇ ಟೀವಿ, ಎದುರು ಮನೆಯಲ್ಲಿ. ಭಾನುವಾರ ಬೆಳಿಗ್ಗೆ ಅವ್ವ ಲಗುಬಗೆಯಿಂದ ರೊಟ್ಟಿ ಬಡಿದು ಅಲ್ಲಿಗೆ ಓಡುತ್ತಿದ್ದಳು. ಆ ಮನೆಯಾಕೆ ಬಂದವರಿಗೆಲ್ಲ ಕಾಲು ತೊಳೆಸಿ ನೆಲಕ್ಕೆ ಕೂರಿಸುತ್ತಿದ್ದಳು. ಒಂದು ಭಾನುವಾರ ಅವ್ವನ ಸೀರೆಯ ಅಂಚನ್ನು ದಿಟ್ಟಿಸಿ ನೋಡಿ, ಅವ್ವ ಕೂರುವ ಜಾಗಕ್ಕೆ ಹಳೆಯ ಪೇಪರು ಹಾಸಿದಳು. ಅವ್ವ ಕೂರಲಿಲ್ಲ. ಮನೆಗೆ ಬಂದು, ಬೇಕಿಲ್ಲದಿದ್ದರೂ ಶೇಂಗಾ ಚಟ್ನಿ ಕುಟ್ಟತೊಡಗಿದಳು. ಅಂದಿನಿಂದ ನಮ್ಮ ಮನೆಗೆ ಟೀವಿ ಬರಬೇಕಾದದ್ದು ಶೋಕಿಗಲ್ಲ, ಅವ್ವನ ಮಾನಕ್ಕಾಗಿ. ಅಪ್ಪನಿಗೆ ಅಷ್ಟು ತಿಳಿಯಿತು. ಆ ಮಟ್ಟಿಗೆ ಅವನನ್ನು ಮೆಚ್ಚಬೇಕು.

ಸಾಲಿ ಮಾಸ್ತರನಾದ ಅಪ್ಪನಿಗೆ ಹೊಸ ಟೀವಿ ಕೈಗೆಟುಕುವಂಥದ್ದಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲಿ ಮಾಡುತ್ತಿದ್ದ ದೊಡ್ಡಪ್ಪ ಆಗಷ್ಟೇ ಕಲರ್ ಟೀವಿ ತಂದಿದ್ದರು. ಹಳೆಯದು ಮೂಲೆಯಲ್ಲಿತ್ತು. ತಮ್ಮನಿಗೆ ಅದನ್ನು ಹಾಗೆಯೇ ಕೊಟ್ಟಿದ್ದರೆ ಅವರ ಗಂಟೇನೂ ಕರಗುತ್ತಿರಲಿಲ್ಲ. ಮಾರಿದರು. ಅಪ್ಪ ಕೇಳಿದ್ದು ಒಂದೇ ಪ್ರಶ್ನೆ, ಇದು ಎಷ್ಟು ದಿನ ಬಂದೀತು ಎಂದು.

"ಹತ್ತು ವರ್ಷ ಇದಕ್ಕ ಏನೂ ಆಗೂದಿಲ್ಲ. ಬೆನ್ನಿಗೆ ಬಿದ್ದ ತಮ್ಮಗ ಸುಳ್ಳು ಹೇಳ್ತೀನೇನು?"

ಬ್ಯಾಡಗಿಯಲ್ಲಿ ಏನನ್ನು ಸಾಗಿಸುವುದಿದ್ದರೂ ಮೆಣಸಿನಕಾಯಿಯ ಖಾಲಿ ಚೀಲದಲ್ಲೇ ಸುತ್ತುತ್ತಾರೆ, ಮದುವೆಯ ಪಾತ್ರೆಯಿರಲಿ, ದೇವರ ಫೋಟೋ ಇರಲಿ. ಅಪ್ಪನೂ ಟೀವಿಗೆ ಒಂದು ಗೀರೂ ಬೀಳಬಾರದೆಂದು ನಾಲ್ಕು ಚೀಲ ಸುತ್ತಿ ಬಿಗಿದು ತಂದ. ಅಂದು ಸಂಜೆ ಓಣಿಯ ಹೆಂಗಸರೆಲ್ಲ ಬಂದು ಕೂತರು. ಡಬ್ಬಿ ಬಿಸಿಯಾಗುತ್ತಿದ್ದಂತೆ ಅದರ ಬೆನ್ನಿನ ತೂತುಗಳಿಂದ ಖಾರದ ಘಾಟು ಎದ್ದಿತು. ಸೀನು, ಕೆಮ್ಮು, ಒಬ್ಬರ ಮೇಲೊಬ್ಬರು ಬಿದ್ದು ನಗು. ಎದುರು ಮನೆಯಾಕೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಎದ್ದು ಹೋದಳು. ಅವ್ವ ಮಾತ್ರ ಕಿಟಕಿ ತೆಗೆದಿಟ್ಟು, ಕಣ್ಣೀರು ಸುರಿಸುತ್ತಲೇ ಕೊನೆಯವರೆಗೆ ನೋಡಿದಳು.

ಎರಡು ತಿಂಗಳಿಗೆ ಚಿತ್ರ ಮಸುಕಾಯಿತು. ಹಾವೇರಿಯ ರಿಪೇರಿಯವನು ತನ್ನ ಕೈಲಾಗದೆಂದ. ಅಪ್ಪ ಮತ್ತು ನಾನು ಟೀವಿಯನ್ನು ಬಸ್ಸಿನಲ್ಲಿ ರಾಣೆಬೆನ್ನೂರಿಗೆ ಒಯ್ದೆವು. ಅಲ್ಲಿಯ ಮೆಕ್ಯಾನಿಕ್ ಹಿಂಬದಿ ಬಿಚ್ಚಿದವನೇ ತನ್ನದೇ ಕೈಯ ಬೆಸುಗೆಯನ್ನು ಗುರುತಿಸಿದ.

"ಇದರ ಪಿಕ್ಚರ್ ಟ್ಯೂಬು ಮುಗಿದೈತ್ರಿ. ಹ್ವಾದ ವರ್ಷ ಬ್ಯಾಡಗಿ ಸಾವಕಾರ್ರು ತಂದಾಗ ಹೇಳಿದ್ದೆ, ಇನ್ನೊಂದ್ ವರ್ಷ ಬಂದ್ರ ಹೆಚ್ಚು ಅಂತ."

ಹೊಸ ಟ್ಯೂಬು ಹಾಕಿಸುವ ಮಾತು ನಮ್ಮ ಯೋಗ್ಯತೆಗೆ ಮೀರಿದ್ದು. ಮರಳುವಾಗ ಬಸ್ಸಿನಲ್ಲಿ ಅಪ್ಪ ಕಿಟಕಿಯ ಕಡೆ ಮುಖ ಮಾಡಿ, "ನಿಮ್ಮವ್ವಗ ಇದನ್ನ ಹೇಳಬ್ಯಾಡ. ನಾ ಸುತ್ತಿದ ಚೀಲದ ಧೂಳಿಗೆ ಕೆಟ್ಟೈತಿ ಅನ್ನು," ಎಂದ. ಮೋಸ ಮಾಡಿದವನನ್ನು ಉಳಿಸಲು ತನ್ನ ತಲೆಯ ಮೇಲೆ ಕಲ್ಲು ಹೊತ್ತುಕೊಳ್ಳುವ ಅಪ್ಪನನ್ನು ಕಂಡು ನನಗೆ ಮೈಯೆಲ್ಲ ಉರಿಯಿತು.

ಆಮೇಲೆ ಅವ್ವ ಬೆಳಿಗ್ಗೆಯೂ ಕಿಟಕಿಗೆ ಕಂಬಳಿ ಕಟ್ಟಿ, ಕತ್ತಲಲ್ಲಿ ಬೂದಿಬಣ್ಣದ ಮುಖಗಳನ್ನು ನೋಡತೊಡಗಿದಳು. ಕೊನೆಗೆ ಮುಖಗಳೂ ಹೋದವು, ಧ್ವನಿಯಷ್ಟೇ ಉಳಿಯಿತು. ಎದುರು ಮನೆಗೆ ಕೇಳಲೆಂದು ಅದನ್ನೇ ಜೋರಾಗಿ ಹಚ್ಚುತ್ತಿದ್ದಳು. ಅಪ್ಪನ ಚೀಲಗಳನ್ನು ಆಕೆ ಬಯ್ಯುವುದನ್ನು ಒಂದು ದಿನ ತಡೆಯಲಾರದೆ ನಾನು ಎಲ್ಲವನ್ನೂ ಹೇಳಿಬಿಟ್ಟೆ.

ಮುಂದಿನ ಭಾನುವಾರ ದೊಡ್ಡಪ್ಪ ಯಾವುದೋ ಕೆಲಸಕ್ಕೆಂದು ಹಾವೇರಿಗೆ ಬಂದವರು ಮನೆಗೂ ಬಂದರು. ಅಷ್ಟು ವರ್ಷ ಅವರು ಬಂದರೆ ಅವ್ವ ಸೆರಗು ಹೊದ್ದು ಬಾಗಿಲ ಹಿಂದೆ ನಿಲ್ಲುತ್ತಿದ್ದಳು. ಗಂಡನ ಅಣ್ಣನ ಮುಂದೆ ಬಾಯಿ ತೆರೆದವಳೇ ಅಲ್ಲ. ಅಂದು ಹೊರಗೆ ಬಂದು, ಟೀವಿಯ ಎದುರಿಗೆ ಕುರ್ಚಿ ಹಾಕಿ ಸ್ವಿಚ್ಚು ಒತ್ತಿದಳು.

"ಕುಂದರ್ರಿ ಭಾವಾರ, ನೋಡ್ರಿ."

ಅವರು ಸ್ವಲ್ಪ ಹೊತ್ತು ಕಪ್ಪು ಗಾಜನ್ನೇ ನೋಡಿದರು. "ಚಿತ್ರ ಬರವಲ್ದಲ್ಲವಾ."

"ನಮಗೂ ಬರೂದಿಲ್ರಿ. ನಾವು ದಿನಾ ಹಿಂಗ ನೋಡ್ತೇವಿ."

ಕಾರ್ಯಕ್ರಮ ಮುಗಿಯುವವರೆಗೂ ಅವ್ವ ಅಲ್ಲಿಂದ ಕದಲಲಿಲ್ಲ. ದೊಡ್ಡಪ್ಪ ಏಳಲೂ ಆಗದೆ, ಅಪ್ಪನ ಕಡೆ ತಿರುಗಲೂ ಆಗದೆ ಬೆವರಿದರು. ಪಕ್ಕದಲ್ಲಿ ಚಾಪೆಯ ಮೇಲೆ ಕೂತ ಅಪ್ಪ ತಲೆ ಎತ್ತಲೇ ಇಲ್ಲ.

ಅಣ್ಣ ಹೊರಟರೆ ಬಸ್‌ಸ್ಟ್ಯಾಂಡಿನವರೆಗೆ ಹೋಗಿ, ಬಸ್ಸು ಬಿಟ್ಟ ಮೇಲೆಯೇ ಮರಳುವುದು ಅಪ್ಪನ ರೂಢಿ. ಅಂದು ದೊಡ್ಡಪ್ಪ ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತರು. ಅಪ್ಪ ಏಳಲಿಲ್ಲ. ಅವರೊಬ್ಬರೇ ಓಣಿ ದಾಟಿ ಹೋದರು. ನನಗೆ ಬಹಳ ಸಂತೋಷವಾಯಿತು. ತಿರುಗಿ ನೋಡಿದರೆ ಅಪ್ಪ ಧೋತರದ ಚುಂಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ಅದನ್ನು ಕಂಡ ಮೇಲೂ ನನ್ನ ಸಂತೋಷ ಕಡಿಮೆಯಾಗಲಿಲ್ಲ.