ಜೇಬಿನಲ್ಲಿದ್ದ ಕೀ

ಕೆಟ್ಟು ನಿಂತ, ಗುದ್ದಿಕೊಂಡ ಕಾರುಗಳನ್ನು ಎಳೆದು ತರುವುದು ಕೊಕ್ಕೆಯಣ್ಣನ ಕಸುಬು. ಇಪ್ಪತ್ತೆಂಟು ವರ್ಷದಿಂದ ಅವನದು ಒಂದೇ ಕ್ರಮ: ಹೋದವನೇ ಮೊದಲು ಕೀ ಇಸಿದುಕೊಂಡು ಅಂಗಿ ಜೇಬಿಗೆ ಹಾಕುವುದು. ಕೀ ನನ್ನ ಹತ್ತಿರ ಬಂತೆಂದರೆ ಗಾಡಿ ಸತ್ತಂತೆ ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಜೊತೆಗಾರ ಹೆಂಡತಿಯ ತಮ್ಮ. ಹದಿನೈದು ವರ್ಷದಿಂದ ಅವನು ಕೊಕ್ಕೆ ಸಿಕ್ಕಿಸುವುದು, ಇವನು ಲಾರಿಯ ಲಿವರ್ ಎಳೆಯುವುದು.

ಪೆಟ್ರೋಲಿಗೂ ಬ್ಯಾಟರಿಗೂ ಓಡುವ ಹೈಬ್ರಿಡ್ ಕಾರುಗಳು ಬಂದ ಮೇಲೆ ಕಂಪನಿ ಇಬ್ಬರನ್ನೂ ಒಂದು ದಿನದ ತರಬೇತಿಗೆ ಕಳಿಸಿತು. ಕಿತ್ತಳೆ ಬಣ್ಣದ ವೈರು ಮುಟ್ಟಿದರೆ ಕಥೆ ಮುಗಿಯಿತು ಎಂಬುದು ತಲೆಯಲ್ಲಿ ಗಟ್ಟಿಯಾಗಿ ಕೂತಿತು. ಎಂಜಿನ್ ಸದ್ದಿಲ್ಲದಿದ್ದರೂ, ಕೀ ಕೈಗೆ ಬಂದರೂ ಕಾರು ಚಾಲೂ ಇರಬಹುದು, ಬಟನ್ ಒತ್ತಿ ಆಫ್ ಮಾಡಿದ ಮೇಲೆಯೇ ಕೀ ದೂರ ಒಯ್ಯಬೇಕು ಎಂಬುದು ಊಟದ ನಂತರದ ಪಾಠ. ಆಗ ಕೊಕ್ಕೆಯಣ್ಣ ತೂಕಡಿಸುತ್ತಿದ್ದ.

ಆ ಮಂಗಳವಾರ ಬೆಳಗ್ಗೆ ಅಂಥದೇ ಒಂದು ಕಾರು ಕಂಬಕ್ಕೆ ಉಜ್ಜಿ, ಚರಂಡಿಗೆ ಒಂದು ಚಕ್ರ ಇಳಿಸಿಕೊಂಡು ನಿಂತಿತ್ತು. ಉಸಿರಿಲ್ಲ, ಸದ್ದಿಲ್ಲ. ಕೀ ಜೇಬು ಸೇರಿತು. ಕರೆಂಟಿಗೆ ಹೆದರಿ ಇಬ್ಬರೂ ರಬ್ಬರ್ ಕೈಗವಸು ತೊಟ್ಟರು. ಬಟನ್ ಕಡೆ ಯಾರೂ ನೋಡಲಿಲ್ಲ.

“ಆಫ್ ಆಗಿದೆಯಾ ಭಾವ?”

“ಕೀ ನನ್ ಹತ್ರಾನೇ ಇದೆಯಲ್ಲೋ, ಹೋಗು.”

ಚಕ್ರ ಚರಂಡಿಯಿಂದ ಮೇಲೆದ್ದು ರಸ್ತೆ ಮುಟ್ಟಿದ್ದೇ ತಡ, ಇನ್ನೂ ಚಾಲೂ ಇದ್ದು ಗೇರಿನಲ್ಲಿದ್ದ ಕಾರು ತಾನಾಗಿ ಮುಂದೆ ಸರಿದು, ಕೊಕ್ಕೆಯ ಬಳಿ ನಿಂತಿದ್ದ ಮೈದುನನ ಬಲಪಾದದ ಮೇಲೆ ಹತ್ತಿತು.

ತಪ್ಪು ಯಾರದೆಂಬ ಪ್ರಶ್ನೆ ಎದ್ದಾಗ ತರಬೇತಿ ಕೊಟ್ಟಿದ್ದೇವಲ್ಲ ಎಂದು ಕಂಪನಿ ಕೈತೊಳೆದುಕೊಂಡಿತು. ವಿಮೆಯವರು ಕೇಳಿದ್ದು ಒಂದೇ: ಕೀ ಯಾರ ಹತ್ತಿರ ಇತ್ತು? ಕೊಕ್ಕೆಯಣ್ಣನ ಹೆಸರು ಬಂದರೆ ಲೈಸೆನ್ಸು ಹೋಗುತ್ತದೆ. ಮೈದುನನದೇ ತಪ್ಪಾದರೆ ಆಸ್ಪತ್ರೆ ಖರ್ಚು ಯಾರೂ ಕೊಡುವುದಿಲ್ಲ. ಎರಡು ದಿನ ಕೊಕ್ಕೆಯಣ್ಣನಿಗೆ ಅನ್ನ ಸೇರಲಿಲ್ಲ. ಮೂರನೆಯ ದಿನ ಗಟ್ಟಿ ಮನಸ್ಸು ಮಾಡಿ, ಇದ್ದದ್ದು ಇದ್ದಂತೆ ಹೇಳಲು ವಿಮೆ ಕಚೇರಿಗೆ ಹೋದ.

ಅಧಿಕಾರಿ ಒಂದು ಕಾಗದ ಮುಂದಿಟ್ಟರು. ಕೀ ನನ್ನ ಹತ್ತಿರವಿತ್ತು, ನೋಡದೆ ಕೆಲಸಕ್ಕಿಳಿದದ್ದು ನಾನೇ ಎಂದು ಮೈದುನ ಮಲಗಿದಲ್ಲೇ ಸಹಿ ಹಾಕಿದ್ದ.

“ಬೇರೆ ಏನಾದ್ರೂ ಹೇಳೋದಿದೆಯಾ? ಇದು ಸುಳ್ಳು ಅಂತಾದ್ರೆ ಕೇಸು ಸಹಿ ಹಾಕಿದವರ ಮೇಲೂ ಬೀಳುತ್ತೆ, ಯೋಚನೆ ಮಾಡಿ.”

ಹೇಳಿದರೆ ಮೈದುನ ಸಿಕ್ಕಿಬೀಳುತ್ತಾನೆ, ಹೇಳದಿದ್ದರೆ ಆಸ್ಪತ್ರೆ ಖರ್ಚಿನಲ್ಲಿ ಮುಳುಗುತ್ತಾನೆ. ಕೊಕ್ಕೆಯಣ್ಣ ಎದ್ದು ಸೀದಾ ಆಸ್ಪತ್ರೆಗೆ ಹೋದ.

“ಯಾಕೋ ಹೀಗೆ ಮಾಡಿದೆ?”

“ನನ್ ಕಾಲು ಹೋಯ್ತು ಭಾವ. ನಿಮ್ ಲೈಸೆನ್ಸೂ ಹೋದ್ರೆ ಎರಡು ಮನೆ ನೋಡೋರ್ಯಾರು?”

ಅಷ್ಟರಲ್ಲಿ ಕೊಕ್ಕೆಯಣ್ಣನ ಹೆಂಡತಿ ಊಟದ ಡಬ್ಬಿ ಹಿಡಿದು ಒಳಗೆ ಬಂದಳು. ತಮ್ಮನ ಪಟ್ಟಿ ಕಟ್ಟಿದ ಕಾಲು ನೋಡಿ ಅವಳಿಗೆ ಅಳುವೂ ಬಂತು, ಸಿಟ್ಟೂ ಬಂತು.

“ಇಷ್ಟು ವರ್ಷ ಇವರ ಜೊತೆ ಕೆಲಸ ಮಾಡಿ ಇಷ್ಟೂ ಕಲೀಲಿಲ್ವಲ್ಲೋ, ದಡ್ಡ!”

ತಮ್ಮ ತಲೆ ತಗ್ಗಿಸಿ ಬೈಸಿಕೊಂಡ. ಕೊಕ್ಕೆಯಣ್ಣನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವಳು ಡಬ್ಬಿ ಬಿಚ್ಚಿ ಮೊದಲ ತಟ್ಟೆ ಗಂಡನಿಗೇ ಕೊಟ್ಟಳು.